ಮೊದಲ ಔಷಧಿ ಹೊಡೆದು ಹೊರಡಿ: ಮಲೆನಾಡಿನಿಂದ ನೆಲದ ದಾರಿಯಲ್ಲಿ ಗೊಂಪಾ ಹಬ್ಬಗಳಿಗೆ

ಮಳೆ ಹಿಡಿಯುವ ಮೊದಲು ಅಡಿಕೆಗೆ ಕೊಳೆರೋಗ ತಡೆಯುವ ಮೈಲುತುತ್ತದ ಔಷಧಿ ಹೊಡೆದರೆ ಎರಡನೇ ಸಲ ಹೊಡೆಯುವುದಕ್ಕೆ ನಲವತ್ತು–ನಲವತ್ತೈದು ದಿನ ಸಿಗುತ್ತದೆ. ತೀರ್ಥಹಳ್ಳಿ, ಹೊಸನಗರ, ಸಾಗರದ ತೋಟದವರು ಮನೆ ಬಿಟ್ಟು ದೂರ ಹೋಗಬಹುದಾದ ಬಿಡುವು ಅದೇ. ಲಡಾಖ್, ಅದರೊಳಗಿನ ಝನ್ಸ್ಕಾರ್, ಹಿಮಾಚಲದ ಸ್ಪಿತಿ ಕಡೆಯ ಗೊಂಪಾಗಳ, ಅಂದರೆ ಟಿಬೆಟನ್ ಬೌದ್ಧ ಮಠಗಳ, ಬೇಸಿಗೆ ಹಬ್ಬಗಳು ಬೀಳುವುದೂ ಸರಿಯಾಗಿ ಆ ಹೊತ್ತಿಗೇ. ಇಲ್ಲಿ ಜಡಿಮಳೆ, ಅಲ್ಲಿ ಒಣ ಬಿಸಿಲು. ಆಗುಂಬೆಯ ಮಳೆ ಘಟ್ಟದ ಮೇಲೇ ಸುರಿದು ಚಿತ್ರದುರ್ಗಕ್ಕೆ ಬರಿಗೈಯಲ್ಲಿ ಹೋಗುವಂತೆ, ಮುಂಗಾರು ಹಿಮಾಲಯದ ಈಚೆ ಮಗ್ಗುಲಲ್ಲೇ ಖಾಲಿಯಾಗಿ ಆಚೆಗೆ ಬರೀ ಮೋಡ ದಾಟುತ್ತದೆ.

ಒಟ್ಟು ಇಪ್ಪತ್ತೆರಡು ದಿನ ಇಟ್ಟುಕೊಳ್ಳಿ. ಹದಿನೈದೇ ದಿನ ಇದೆ ಎನ್ನುವವರು ಹಬ್ಬ ಬಿಟ್ಟು ಬರೀ ಮಠ ನೋಡಿ ಬನ್ನಿ. ಎರಡನ್ನೂ ಹದಿನೈದು ದಿನಕ್ಕೆ ತುರುಕಿದರೆ ಎತ್ತರಕ್ಕೆ ಮೈ ಒಗ್ಗದೆ ಹಬ್ಬದ ದಿನ ಹೋಂಸ್ಟೇಯಲ್ಲಿ ತಲೆ ಹಿಡಿದುಕೊಂಡು ಮಲಗಿರುತ್ತೀರಿ.

ತಿಥಿ ನೋಡಿ, ಆಮೇಲೆ ಟಿಕೆಟ್

ಎಲ್ಲರೂ ಮಾಡುವ ತಪ್ಪು ಹೋದ ವರ್ಷದ ಇಂಗ್ಲಿಷ್ ತಾರೀಕು ನೋಡಿ ಈ ವರ್ಷದ ರಜೆ ಹಾಕುವುದು. ಲೇಹ್ ಹತ್ತಿರದ ಹೇಮಿಸ್ ಮಠದ ಹಬ್ಬ 2024ರಲ್ಲಿ ಜೂನ್ 16ಕ್ಕೆ ಶುರುವಾಯಿತು, 2025ರಲ್ಲಿ ಜುಲೈ 5ಕ್ಕೆ. ಹತ್ತೊಂಬತ್ತು ದಿನದ ಅಂತರ. ಆದರೆ ಒಂಟಿಕೊಪ್ಪಲ್ ಪಂಚಾಂಗ ನೋಡಿ ಬೆಳೆದವರಿಗೆ ಇದರಲ್ಲಿ ಗೊಂದಲವೇನೂ ಇಲ್ಲ. ಟಿಬೆಟನ್ ತಿಂಗಳು ನಮ್ಮದರಂತೆಯೇ ಅಮಾವಾಸ್ಯೆಗೆ ಮುಗಿಯುತ್ತದೆ. 15ನೇ ದಿನ ಹುಣ್ಣಿಮೆ, 30ನೇ ದಿನ ಅಮಾವಾಸ್ಯೆ. ನಮ್ಮಲ್ಲಿ ತಿಥಿ ಕ್ಷಯವಾಗುವಂತೆ, ಎರಡು ದಿನ ಒಂದೇ ತಿಥಿ ಬರುವಂತೆ ಅವರಲ್ಲೂ ದಿನ ಬಿಟ್ಟುಹೋಗುತ್ತದೆ, ಎರಡು ಸಲ ಬರುತ್ತದೆ. ಅಧಿಕ ಮಾಸವೂ ಉಂಟು, ಆದರೆ ಅದು ನಮ್ಮ ಅಧಿಕ ಮಾಸದ ಹೊತ್ತಿಗೇ ಬೀಳಬೇಕೆಂದಿಲ್ಲ.

ಲೆಕ್ಕ ಹೀಗೆ. ಟಿಬೆಟನ್ ಹೊಸ ವರ್ಷ ಲೋಸರ್ ಯಾವ ಪಾಡ್ಯಕ್ಕೆ ಬಿತ್ತು ನೋಡಿ. 2024ರಲ್ಲಿ ಫೆಬ್ರವರಿ 10, ಅಂದರೆ ಮಾಘ ಶುದ್ಧ ಪಾಡ್ಯ. 2025ರಲ್ಲಿ ಫೆಬ್ರವರಿ 28, ಶಿವರಾತ್ರಿ ಅಮಾವಾಸ್ಯೆಯ ಮರುದಿನ, ಫಾಲ್ಗುಣ ಪಾಡ್ಯ. ಹೇಮಿಸ್ ಹಬ್ಬ ಐದನೇ ತಿಂಗಳ ಹತ್ತನೇ ದಿನ. ಮಾಘದಿಂದ ಐದನೆಯದು ಜ್ಯೇಷ್ಠ, ಫಾಲ್ಗುಣದಿಂದ ಐದನೆಯದು ಆಷಾಢ. 2024ರ ಜ್ಯೇಷ್ಠ ಶುದ್ಧ ದಶಮಿ ಜೂನ್ 16, 2025ರ ಆಷಾಢ ಶುದ್ಧ ದಶಮಿ ಜುಲೈ 5. ಬುದ್ಧ ಪೂರ್ಣಿಮೆಗೂ ಇದೇ ಎಡವಟ್ಟು: ಟಿಬೆಟನ್ನರ ಸಾಗಾ ದಾವಾ ಹುಣ್ಣಿಮೆ 2024ರಲ್ಲಿ ನಮ್ಮ ಬುದ್ಧ ಪೂರ್ಣಿಮೆಯ ದಿನವೇ ಬಂತು, 2025ರಲ್ಲಿ ಒಂದು ತಿಂಗಳು ತಡವಾಗಿ ಜೂನ್ 11ಕ್ಕೆ.

ಹಬ್ಬದ ಹೆಸರಲ್ಲೇ ತಿಥಿ ಇರುತ್ತದೆ. ‘ತ್ಸೆಚು’ ಎಂದರೆ ಹತ್ತನೇ ದಿನ, ಟಿಬೆಟಿನಲ್ಲಿ ಬೌದ್ಧಮತ ನೆಲೆಗೊಳಿಸಿದ ಗುರು ಪದ್ಮಸಂಭವನ ದಿನ. ‘ಗುಸ್ತೋರ್’ನ ‘ಗು’ ಎಂದರೆ ಒಂಬತ್ತು, 29ನೇ ದಿನ ತೋರ್ಮಾ ಎಂಬ ಹಿಟ್ಟಿನ ನೈವೇದ್ಯ ಎಸೆದು ಅನಿಷ್ಟ ಕಳೆಯುವ ಹಬ್ಬ, ಅಂದರೆ ಅಮಾವಾಸ್ಯೆಯ ಹಿಂದಿನ ದಿನ. ಗುಸ್ತೋರ್ ಎಂದು ಕೇಳಿದರೆ ಅದು ಹೆಚ್ಚಾಗಿ ಗೆಲುಗ್ ಪಂಥದ, ಅಂದರೆ ದಲೈ ಲಾಮಾ ಅವರ ಪಂಥದ, ಮಠ: ಸ್ಪಿತುಕ್, ಥಿಕ್ಸೆ, ಝನ್ಸ್ಕಾರದ ಕರ್ಶಾ, ಸ್ಪಿತಿಯ ಕೀ. ಥಿಕ್ಸೆ ಮಾತ್ರ ಈ ಲೆಕ್ಕಕ್ಕೆ ಸಿಗದು, ಅಲ್ಲಿ ಒಂಬತ್ತನೇ ತಿಂಗಳ 17ರಿಂದ 19. ಅದು ಅಕ್ಟೋಬರ್–ನವೆಂಬರ್, ನಮ್ಮಲ್ಲಿ ಕೊಯ್ಲಿನ ಸುಗ್ಗಿ. ತೋಟದವರು ಅದರ ಆಸೆ ಬಿಡಿ.

ಬೇಸಿಗೆಯಲ್ಲಿ ಸಿಗುವುದು ಹೇಮಿಸ್, ಲಾಮಾಯುರು, ಫ್ಯಾಂಗ್, ಕರ್ಶಾ, ತ್ಸೋ ಮೊರೀರಿ ದಂಡೆಯ ಕೊರ್ಝೋಕ್, ಸ್ಪಿತಿಯ ಕೀ. ಮಾಥೋದ ನಾಗ್ರಾಂಗ್, ಸ್ಪಿತುಕ್ ಗುಸ್ತೋರ್, ಲೇಹ್‌ನ ದೋಸ್ಮೊಚೆ ಇವೆಲ್ಲ ಚಳಿಗಾಲದವು. ಆಗ ಘಾಟಿಗಳು ಹಿಮದಲ್ಲಿ ಮುಚ್ಚಿರುತ್ತವೆ, ನೆಲದ ದಾರಿಯ ಮಾತೇ ಬೇಡ. ಹೇಮಿಸ್‌ನಲ್ಲಿ ಗುರು ಪದ್ಮಸಂಭವನ ದೊಡ್ಡ ಥಾಂಕಾ (ಸುತ್ತಿಡುವ ಬಟ್ಟೆಯ ಚಿತ್ರ) ಬಿಚ್ಚುವುದು ಹನ್ನೆರಡು ವರ್ಷಕ್ಕೊಮ್ಮೆ ಬರುವ ಕೋತಿ ವರ್ಷದಲ್ಲಿ. ಹಿಂದಿನದು 2016, ಮುಂದಿನದು 2028. ಆ ವರ್ಷ ಜನಜಂಗುಳಿ ಹೆಚ್ಚು. ಸಣ್ಣ ಮಠ ಇಷ್ಟಪಡುವವರು ಕರ್ಶಾ ಕಡೆ ತಿರುಗುವುದು ಲೇಸು.

ಮೊದಲು ಮುಂಡಗೋಡು

ಕರ್ನಾಟಕದವರಿಗಿರುವ ಅನುಕೂಲ ಬೇರೆ ರಾಜ್ಯದವರಿಗಿಲ್ಲ. ಮುಂಡಗೋಡಿನ ಟಿಬೆಟನ್ ಕಾಲೊನಿ ಶುರುವಾಗಿದ್ದು 1966ರಲ್ಲಿ. ಲಾಸಾ ಕಡೆಯ ಡ್ರೆಪುಂಗ್ ಮತ್ತು ಗಾಂದೆನ್ ಮಠಗಳು ಮರುಹುಟ್ಟು ಪಡೆದದ್ದು ಅಲ್ಲೇ, ಸೆರಾ ಬೈಲಕುಪ್ಪೆಯಲ್ಲಿ. ಲಡಾಖ್, ಸ್ಪಿತಿ, ಕಿನ್ನೌರ್ ಕಡೆಯ ಗೆಲುಗ್ ಮಠಗಳ ಹುಡುಗರು ಓದಲು ಬರುವುದು ಈ ಮೂರು ಮಠಗಳಿಗೇ. ಶಿವಮೊಗ್ಗದಿಂದ ಶಿಕಾರಿಪುರ, ಶಿರಾಳಕೊಪ್ಪ, ಆನವಟ್ಟಿ, ಹಾನಗಲ್ ದಾರಿಯಲ್ಲಿ ಅರ್ಧ ದಿನದ ಪ್ರಯಾಣ. ಹೋಗಿ, ಸ್ಪಿತಿಯ ಅಥವಾ ಝನ್ಸ್ಕಾರದ ಭಿಕ್ಷು ಯಾರಾದರೂ ಇದ್ದಾರೆಯೇ ಎಂದು ಕೇಳಿ. ಅಂಗಡಿ ವ್ಯವಹಾರದ ಕನ್ನಡ ಹಲವರಿಗೆ ಬರುತ್ತದೆ, ಹಿಂದಿ ಇನ್ನೂ ಹೆಚ್ಚು ಜನಕ್ಕೆ. ಅವರಿಂದ ಮೂರು ವಿಷಯ ತಿಳಿದುಕೊಳ್ಳಿ: ಅವರ ಮಠದ ಹಬ್ಬ ಈ ವರ್ಷ ಯಾವಾಗ, ಉಳಿಯಲು ಹಳ್ಳಿಯಲ್ಲಿ ಯಾರ ಮನೆ, ಮತ್ತು ಮೇಲೆ ತಲುಪಿಸಬೇಕಾದ ಕಾಗದವೋ ಗಂಟೋ ಏನಾದರೂ ಇದೆಯೇ. ಮನೆಯವರಿಗೆ ಒಂದು ಪೊಟ್ಟಣ ಒಯ್ದವರಿಗೆ ಆ ಹಳ್ಳಿಯಲ್ಲಿ ಸಿಗುವ ಜಾಗ ಯಾವ ಬುಕಿಂಗ್ ಆಪ್‌ನಲ್ಲೂ ಸಿಗುವುದಿಲ್ಲ. (ಪೊಟ್ಟಣದಲ್ಲಿ ಏನಿದೆ ಎಂದು ಬಿಚ್ಚಿ ನೋಡಿಯೇ ತೆಗೆದುಕೊಳ್ಳಿ. ಅದಕ್ಕೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.)

ಖತಾ ಎಂಬ ಬಿಳಿ ಶಾಲುಗಳನ್ನು ಅಲ್ಲೇ ಹತ್ತು ಕೊಂಡುಬಿಡಿ. ಲಾಮಾಗಳಿಗೆ ಎರಡೂ ಕೈಯಲ್ಲಿ ಹಿಡಿದು ತಲೆ ಬಾಗಿಸಿ ಕೊಡಬೇಕು, ಅವರು ಅದನ್ನೇ ತಿರುಗಿ ನಿಮ್ಮ ಕೊರಳಿಗೆ ಹಾಕುತ್ತಾರೆ. ಅದು ಬೇಡವೆಂದದ್ದಲ್ಲ, ಆಶೀರ್ವಾದ. ಕೆಲವರು ಪಾಪ, ಮತ್ತೆ ತೆಗೆದು ಕೊಡಲು ಹೋಗುತ್ತಾರೆ.

ಮುಂಡಗೋಡಿನಿಂದ ಹುಬ್ಬಳ್ಳಿ ಹತ್ತಿರ. ಯಶವಂತಪುರದಿಂದ ಚಂಡೀಗಢಕ್ಕೆ ಹೋಗುವ ಸಂಪರ್ಕ ಕ್ರಾಂತಿ ರೈಲು ಹುಬ್ಬಳ್ಳಿ ಮೇಲೇ ಹೋಗುತ್ತದೆ. ದಿನವೂ ಇಲ್ಲ, ಹಾಗಾಗಿ ಹಬ್ಬದ ತಿಥಿಯಿಂದ ಹಿಂದಕ್ಕೆ ಎಣಿಸಿ ರೈಲಿನ ವಾರ ಹಿಡಿಯಬೇಕು. 2024ರ ನವೆಂಬರ್‌ನಿಂದ ರಿಸರ್ವೇಶನ್ ತೆರೆಯುವುದು 60 ದಿನ ಮುಂಚೆ ಮಾತ್ರ. ಮೊದಲಿನಂತೆ ನಾಲ್ಕು ತಿಂಗಳು ಸಿಗದು.

ಯಾವ ದಾರಿ

ವಿಮಾನ ಬಿಟ್ಟು ನೆಲದ ದಾರಿ ಹಿಡಿಯಬೇಕಾದ ಕಾರಣ ಒಂದೇ, ಎತ್ತರ. ಶಿವಮೊಗ್ಗ ಇರುವುದು 570 ಮೀಟರ್ ಸುಮಾರಿಗೆ, ಲೇಹ್ 3,500ರಲ್ಲಿ. ದಿನಕ್ಕಿಷ್ಟು ಏರಿದರೆ ಮೈ ತಾನೇ ಹೊಂದಿಕೊಳ್ಳುತ್ತದೆ. ಆದರೆ ನೆಲದ ದಾರಿಗಳೆಲ್ಲ ನಿಧಾನದ ದಾರಿಗಳಲ್ಲ. ಮನಾಲಿಯಿಂದ ಲೇಹ್‌ಗೆ ಹೋಗುವ ರಸ್ತೆಯೇ ಅದಕ್ಕೆ ಸಾಕ್ಷಿ. 2,050 ಮೀಟರ್‌ನ ಮನಾಲಿಯಲ್ಲಿ ಮಲಗಿ ಎದ್ದವರು ಮರುದಿನ ರಾತ್ರಿ 4,290 ಮೀಟರ್‌ನ ಸರ್ಚೂ ಟೆಂಟಿನಲ್ಲಿ ಇರುತ್ತಾರೆ. 2020ರ ಅಕ್ಟೋಬರ್‌ನಲ್ಲಿ ಅಟಲ್ ಸುರಂಗ ತೆರೆದ ಮೇಲಂತೂ ಏರುವ ವೇಗ ಇನ್ನೂ ಜಾಸ್ತಿಯಾಗಿದೆ. ರಾತ್ರಿಯಿಡೀ ವಾಂತಿ ಮಾಡಿ ಬೆಳಿಗ್ಗೆ 5,328 ಮೀಟರ್‌ನ ತಗ್ಲಾಂಗ್ ಲಾ (‘ಲಾ’ ಎಂದರೆ ಘಾಟಿ) ದಾಟಬೇಕು. ಆ ರಸ್ತೆ ವಾಪಸ್ ಬರುವುದಕ್ಕೆ ಚೆನ್ನ, ಹೋಗುವುದಕ್ಕಲ್ಲ.

ಲಡಾಖ್‌ಗೆ ಹೋಗುವವರು ಶ್ರೀನಗರದ ಕಡೆಯಿಂದ ಹತ್ತಿ. ಜಮ್ಮು ಕಡೆಯ ರೈಲು ಹಿಡಿದು ಕಟ್ರಾ ಮುಟ್ಟಿದರೆ, 2025ರ ಜೂನ್‌ನಿಂದ ಅಲ್ಲಿಂದ ಶ್ರೀನಗರಕ್ಕೂ ರೈಲಿದೆ. ಶ್ರೀನಗರ 1,585 ಮೀಟರ್, ಜೋಜಿ ಲಾ ದಾಟಿದ ಮೇಲೆ ಕಾರ್ಗಿಲ್ 2,676. ಎರಡೂ ಕಡೆ ಒಂದೊಂದು ರಾತ್ರಿಯಾದರೂ ಇರಿ. ಕಾರ್ಗಿಲ್‌ನಿಂದ ಮುಂದೆ ಹೆಚ್ಚಿನವರು 3,510ರ ಲಾಮಾಯುರುವಿನಲ್ಲಿ ಮಲಗುತ್ತಾರೆ. ಹಾಗೆ ಮಾಡದೆ, ಮಠ ನೋಡಿಕೊಂಡು 3,100 ಮೀಟರ್‌ನ ಆಲ್ಚಿಗೆ ಇಳಿದುಬಿಡಿ. ಹಗಲು ಫೋಟು ಲಾದಂಥ 4,108 ಮೀಟರ್ ದಾಟಿದರೂ ಪರವಾಗಿಲ್ಲ, ಲೆಕ್ಕಕ್ಕೆ ಬರುವುದು ರಾತ್ರಿ ಮಲಗಿದ ಎತ್ತರ. ಆಲ್ಚಿಯಲ್ಲಿ ಎರಡು ರಾತ್ರಿ ಕಳೆದು ಲೇಹ್‌ಗೆ ಬಂದವರಿಗೆ ಸಾಮಾನ್ಯವಾಗಿ ತಲೆನೋವೂ ಬರುವುದಿಲ್ಲ. ಲೇಹ್‌ನಿಂದ ಹೇಮಿಸ್ ಸುಮಾರು 45 ಕಿ.ಮೀ.

ಸ್ಪಿತಿಗೆ ಹೋಗುವವರು ಶಿಮ್ಲಾ–ರಾಮಪುರ–ರೆಕಾಂಗ್ ಪಿಯೋ ದಾರಿ ಹಿಡಿಯಿರಿ. ಮನಾಲಿಯಿಂದ ಕುಂಜುಮ್ ಲಾ ಮೇಲೆ ಹೋಗುವ ದಾರಿ ಹತ್ತಿರ, ಆದರೆ ಅದೂ ಒಂದೇ ದಿನದಲ್ಲಿ ಮೇಲಕ್ಕೆಸೆಯುವ ರಸ್ತೆ. ಮೆಟ್ಟಿಲು ಹೀಗಿರಲಿ: ಶಿಮ್ಲಾ (2,200) ಒಂದು ರಾತ್ರಿ, ಪಿಯೋ ಮೇಲಿನ ಕಲ್ಪಾ (2,900 ಸುಮಾರು) ಎರಡು ರಾತ್ರಿ, ತಾಬೋ (3,280) ಎರಡು ರಾತ್ರಿ, ಕಾಜಾ (3,650 ಸುಮಾರು) ಎರಡು ರಾತ್ರಿ, ಆಮೇಲೆ ಕೀ (4,100 ಮೇಲೆ). ಮಧ್ಯೆ ನಾಕೋ ಎಂಬ ಊರು ಸಿಗುತ್ತದೆ. ಚೆಂದದ ಕೆರೆ, ಎಲ್ಲರಿಗೂ ಅಲ್ಲೇ ಇಳಿಯುವ ಆಸೆ. ಆದರೆ ನಾಕೋ 3,625 ಮೀಟರ್, ಮುಂದಿನ ತಾಬೋಗಿಂತ ಎತ್ತರ. ಹೋಗುವಾಗ ಚಾ ಕುಡಿದು ಮುಂದಕ್ಕೆ ನಡೆಯಿರಿ, ಉಳಿಯುವುದು ಬರುವಾಗ. ತಾಬೋದಲ್ಲಿ ಎರಡು ದಿನ ಬೇಜಾರಾಗುವುದಿಲ್ಲ. ಮಠ ಕಟ್ಟಿದ್ದು ಕ್ರಿ.ಶ. 996ರಲ್ಲಿ. ಹೊರಗಿನಿಂದ ನೋಡಿದರೆ ಮಣ್ಣಿನ ದಿಬ್ಬ, ಒಳಗೆ ಕತ್ತಲಲ್ಲಿ ಗೋಡೆ ತುಂಬ ಚಿತ್ರ. ಒಳಗೆ ಫೋಟೋ ತೆಗೆಯುವಂತಿಲ್ಲ, ಒಳ್ಳೆ ಟಾರ್ಚ್ ಒಯ್ಯಿರಿ.

ಪಿಯೋದಿಂದ ಕಾಜಾಕ್ಕೆ ಹಿಮಾಚಲ ಸಾರಿಗೆಯ ಬಸ್ ಬೆಳಗಿನ ಜಾವ ಹೊರಡುತ್ತದೆ. ಸುಮಾರು 200 ಕಿ.ಮೀ., ಹತ್ತು–ಹನ್ನೆರಡು ತಾಸು. ಹಿಂದಿನ ದಿನವೇ ಪಿಯೋ ಬಸ್‌ಸ್ಟ್ಯಾಂಡಿಗೆ ಹೋಗಿ ಸೀಟು ಕೇಳಿ ಇಡಿ. ಜುಲೈ–ಆಗಸ್ಟ್‌ನಲ್ಲಿ ಕಿನ್ನೌರ್ ಭಾಗದಲ್ಲಿ ಗುಡ್ಡ ಕುಸಿಯುವುದು ಮಾಮೂಲು, ನಾಕೋ ಹತ್ತಿರದ ಮಲ್ಲಿಂಗ್ ನಾಲಾ ಅದಕ್ಕೇ ಹೆಸರುವಾಸಿ. ನಮ್ಮ ಘಾಟಿಗಳಲ್ಲಿ ಕುಸಿತ ಮಳೆ ಸುರಿದಾಗ ಆಗುತ್ತದೆ. ಅಲ್ಲಿ ಬಿಸಿಲಿದ್ದಾಗಲೂ ಆಗುತ್ತದೆ, ಮಧ್ಯಾಹ್ನ ಹಿಮ ಕರಗಿ ತೊರೆಗಳು ಉಕ್ಕಿ ರಸ್ತೆ ಮೇಲೇ ಹರಿಯುತ್ತವೆ. ಅದೇ ತೊರೆ ಬೆಳಿಗ್ಗೆ ಏಳಕ್ಕೆ ಮೊಣಕಾಲೂ ಮುಟ್ಟುವುದಿಲ್ಲ. ಚಾಲಕ ನಸುಕಿನಲ್ಲಿ ಹೊರಡೋಣ ಎಂದರೆ ನಿದ್ದೆಗಣ್ಣಿನಲ್ಲೇ ಹತ್ತಿ ಕೂರಿ. ಕುಂಜುಮ್ ಕಡೆಯ ಬಾತಲ್–ಛತ್ರು ರಸ್ತೆಗಂತೂ ಈ ಮಾತು ಎರಡು ಪಟ್ಟು ಸತ್ಯ.

ಬೈಕಿನವರಿಗೆ ಎರಡೇ ಮಾತು. ಮನಾಲಿ–ಲೇಹ್ ರಸ್ತೆಯಲ್ಲಿ ಟಾಂಡಿ ಕಡೆ ಟ್ಯಾಂಕ್ ತುಂಬಿಸಿಕೊಂಡರೆ ಮುಂದೆ ಕಾರುವಿನವರೆಗೆ ಮುನ್ನೂರು ಕಿ.ಮೀ.ಗೂ ಹೆಚ್ಚು ದೂರ ಪೆಟ್ರೋಲ್ ಬಂಕ್ ನಂಬುವಂತಿಲ್ಲ; ಐದು ಲೀಟರಿನ ಕ್ಯಾನ್ ಎರಡು ಬೇಕು. ಶಿವಮೊಗ್ಗದಿಂದ ಬೈಕ್ ಓಡಿಸಿಕೊಂಡು ಹೋಗುವ ಶೋಕಿ ಬೇಡ, ಆ ಐದಾರು ದಿನವನ್ನು ಕಲ್ಪಾದಲ್ಲೋ ಆಲ್ಚಿಯಲ್ಲೋ ಖರ್ಚು ಮಾಡಿ.

ಕಾಗದಪತ್ರ ಸುಲಭ. ಕಿನ್ನೌರ್–ಸ್ಪಿತಿ ಮುಖ್ಯ ದಾರಿಗೆ ಭಾರತೀಯರಿಗೆ ಪರ್ಮಿಟ್ ಬೇಡ, ವಿದೇಶಿಯರಿಗೆ ಬೇಕು. ಲಡಾಖ್‌ನಲ್ಲಿ ನುಬ್ರಾ, ಪಾಂಗಾಂಗ್, ಕೊರ್ಝೋಕ್ ಕಡೆ ಹೋಗುವವರು ಪರಿಸರ ಶುಲ್ಕ ಆನ್‌ಲೈನ್ ಕಟ್ಟಿ ರಸೀದಿಯ ನಾಲ್ಕೈದು ಪ್ರತಿ ಇಟ್ಟುಕೊಳ್ಳಿ. ಆಧಾರ್ ಮೂಲಪ್ರತಿ ಒಯ್ಯಿರಿ, ಚೆಕ್‌ಪೋಸ್ಟಿನಲ್ಲಿ ನೆಟ್‌ವರ್ಕ್ ಇಲ್ಲದೆ ಮೊಬೈಲಿನ ಆಧಾರ್ ತೆರೆಯುವುದಿಲ್ಲ. ಫೋನ್ ವಿಷಯದಲ್ಲಿ ಮಾತ್ರ ಎಚ್ಚರ: ನಮ್ಮ ಪ್ರಿಪೇಯ್ಡ್ ಸಿಮ್ ಲಡಾಖ್, ಕಾಶ್ಮೀರದಲ್ಲಿ ಸತ್ತಂತೆ. ಹೊರಡುವ ಮೊದಲೇ ಪೋಸ್ಟ್‌ಪೇಯ್ಡ್ ಮಾಡಿಸಿಕೊಳ್ಳಿ. ಹಿಮಾಚಲದಲ್ಲಿ ಈ ತೊಂದರೆ ಇಲ್ಲ.

ಇನ್ನು ಗಡಿಯಾಚೆಯ ಟಿಬೆಟ್. ಟಿಬೆಟ್ ಸ್ವಾಯತ್ತ ಪ್ರದೇಶಕ್ಕೆ ಚೀನಾ ವೀಸಾ ಜೊತೆಗೆ ಟಿಬೆಟ್ ಪರ್ಮಿಟ್ ಬೇಕು, ಅದು ಏಜೆನ್ಸಿ ಮೂಲಕವಷ್ಟೇ ಸಿಗುತ್ತದೆ. ಗೈಡ್, ಗಾಡಿ ಕಡ್ಡಾಯ, ಒಬ್ಬರೇ ಬಸ್ ಹತ್ತಿ ತಿರುಗುವಂತಿಲ್ಲ. ಲೋಸರ್ ಹೊತ್ತಿನಿಂದ ಮಾರ್ಚ್ ಮುಗಿಯುವವರೆಗೆ ಹೊರಗಿನವರಿಗೆ ಬಾಗಿಲು ಹಾಕುವುದು ವಾಡಿಕೆ, ಹಾಗಾಗಿ ಲಾಸಾದಲ್ಲಿ ಲೋಸರ್ ನೋಡುವ ಯೋಚನೆ ಬೇಡ. ಬದಲಿಗೆ ಆಮ್ದೋ, ಖಾಮ್ ಎನ್ನುವ ಪೂರ್ವ ಟಿಬೆಟ್‌ನ ಬಹುಭಾಗ ಗಾನ್ಸು, ಚಿಂಗ್‌ಹಾಯ್, ಸಿಚುವಾನ್ ಪ್ರಾಂತ್ಯಗಳಲ್ಲಿದೆ, ಅಲ್ಲಿಗೆ ಟಿಬೆಟ್ ಪರ್ಮಿಟ್ ಬೇಕಿಲ್ಲ. ಗಾನ್ಸುವಿನ ಲಾಬ್ರಾಂಗ್ ಮಠದಲ್ಲಿ ಮೊದಲ ತಿಂಗಳ 13ಕ್ಕೆ ಬೆಟ್ಟದ ಇಳಿಜಾರಿನಲ್ಲಿ ಥಾಂಕಾ ಹಾಸುತ್ತಾರೆ, 14ಕ್ಕೆ ಮುಖವಾಡದ ಕುಣಿತ, 15ರ ಹುಣ್ಣಿಮೆಗೆ ಬೆಣ್ಣೆಯ ಶಿಲ್ಪ. ಭಾರತೀಯರಿಗೆ ಚೀನಾ ಪ್ರವಾಸಿ ವೀಸಾ ಮತ್ತೆ ಶುರುವಾಗಿದ್ದು 2025ರ ಜುಲೈನಲ್ಲಿ. ಕೈಲಾಸ ಮಾನಸ ಸರೋವರ ಯಾತ್ರೆಯೂ ಅದೇ ಬೇಸಿಗೆಯಲ್ಲಿ ಲಿಪುಲೇಖ್ ಮತ್ತು ನಾಥು ಲಾ ಎರಡೂ ಕಡೆಯಿಂದ ಮರುಶುರುವಾಯಿತು. 18ರಿಂದ 70 ವಯಸ್ಸು, ಬಿಎಂಐ 25ರ ಒಳಗೆ. ಹಬ್ಬದೂಟ ಬಿಡಲಾಗದ ನಮ್ಮವರು ಹೆಚ್ಚಾಗಿ ಎಡವುವುದು ಈ ಎರಡನೆಯದರಲ್ಲಿ.

ಎತ್ತರದ ಕಾಯಿಲೆ

ಕೊಡಚಾದ್ರಿ (1,343), ಮುಳ್ಳಯ್ಯನಗಿರಿ (1,930) ಹತ್ತಿ ಅಭ್ಯಾಸ ಮಾಡಿ, ಒಳ್ಳೆಯದೇ. ಆದರೆ ಆ ಅಭ್ಯಾಸ ಆಗುವುದು ಕಾಲಿಗೆ, ರಕ್ತಕ್ಕಲ್ಲ. ಮೊದಲು ಮಲಗುವವರು ಹೆಚ್ಚಾಗಿ ಗಟ್ಟಿಮುಟ್ಟಾದ ಹುಡುಗರು, ಯಾಕೆಂದರೆ ಅವರೇ ಓಡುವುದು.

3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ಒಂದು ರಾತ್ರಿಯಿಂದ ಇನ್ನೊಂದಕ್ಕೆ 500 ಮೀಟರ್‌ಗಿಂತ ಹೆಚ್ಚು ಏರಬಾರದು. ಪ್ರತಿ ಮೂರು–ನಾಲ್ಕು ದಿನಕ್ಕೆ ಒಂದು ಪೂರ್ತಿ ವಿಶ್ರಾಂತಿ. ಎತ್ತರದ ಕಾಯಿಲೆ ತಡೆಯುವ ಮಾತ್ರೆ ಡಯಾಮಾಕ್ಸ್ ಸಾಮಾನ್ಯವಾಗಿ 125 ಮಿ.ಗ್ರಾಂ. ದಿನಕ್ಕೆರಡು ಸಲ, ಏರುವ ಹಿಂದಿನ ದಿನದಿಂದ. ಸಲ್ಫಾ ಅಲರ್ಜಿ ಇರುವವರು, ಕಿಡ್ನಿ ತೊಂದರೆ ಇರುವವರು ಶಿವಮೊಗ್ಗದಲ್ಲೇ ಡಾಕ್ಟರನ್ನು ಕೇಳಿಯೇ ಮುಂದುವರಿಯಿರಿ. ಬೆರಳು ಜುಮ್ಮೆನ್ನುವುದು, ಪದೇಪದೇ ಮೂತ್ರ ಬರುವುದು ಆ ಮಾತ್ರೆಯ ಗುಣ, ಹೆದರಬೇಡಿ. ಮೊದಲ ರಾತ್ರಿಗಳಲ್ಲಿ ಮದ್ಯ, ನಿದ್ದೆ ಮಾತ್ರೆ ಎರಡೂ ಬೇಡ, ಉಸಿರಾಟ ಇನ್ನಷ್ಟು ನಿಧಾನವಾಗುತ್ತದೆ.

ತಲೆನೋವು, ಹಸಿವಿಲ್ಲ, ನಿದ್ದೆಯಿಲ್ಲ ಎಂದರೆ ಅಲ್ಲೇ ನಿಲ್ಲಿ, ಮೇಲೆ ಹೋಗಬೇಡಿ, ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಸರಿಹೋಗುತ್ತದೆ. ಸುಮ್ಮನೆ ಕೂತಾಗಲೂ ಏದುಸಿರು, ಕೆಮ್ಮಿನಲ್ಲಿ ನೊರೆ, ಮಾತು ತಡವರಿಕೆ ಕಂಡರೆ ಬೇರೆ ವಿಷಯ. ಪರೀಕ್ಷೆ ಸುಲಭ: ಕಾಲುಸಂಕ ದಾಟುವಾಗ ಹೇಗೆ ಹೆಜ್ಜೆ ಇಡುತ್ತೇವೋ ಹಾಗೆ, ಹಿಮ್ಮಡಿಗೆ ಬೆರಳು ತಾಗಿಸಿ ನೇರ ಗೆರೆಯಲ್ಲಿ ಹತ್ತು ಹೆಜ್ಜೆ ನಡೆಸಿ. ಓಲಾಡಿದರೆ ಮಿದುಳಿಗೆ ನೀರು ಸೇರುತ್ತಿದೆ ಎಂದು ಅರ್ಥ. ರಾತ್ರಿಯೋ ಹಗಲೋ ನೋಡದೆ, ಜೊತೆಗೊಬ್ಬರನ್ನು ಕಳಿಸಿ, ಕೆಳಗಿಳಿಸಬೇಕು. ಮೆಡಿಕಲ್ ಶಾಪಿನ ಕೈಹಿಡಿ ಆಕ್ಸಿಜನ್ ಡಬ್ಬಿ ಕೆಲವೇ ನಿಮಿಷ ಬರುತ್ತದೆ. ಅದನ್ನು ನಂಬಿ ಕೂರುವುದು ಕೊಡೆ ಹಿಡಿದು ಹೊಳೆ ದಾಟಿದಂತೆ.

ಸ್ಪಿತಿಯಲ್ಲಿ ಒಂದು ಗುಟ್ಟು ಗೊತ್ತಿರಲಿ. ಕಾಜಾದಿಂದ ಕೆಳಗಿಳಿಯುವುದು ಎಂದರೆ ತಾಬೋ ಬರೀ ನಾನೂರು ಮೀಟರ್ ಸುಮಾರು ಕೆಳಗೆ. ನಿಜವಾದ ತಗ್ಗು ಪಿಯೋ, ಅದಕ್ಕೆ ಇಡೀ ದಿನ ಬೇಕು. ಮನಾಲಿ ಕಡೆ ಇಳಿಯಬೇಕೆಂದರೆ ಮೊದಲು 4,551 ಮೀಟರ್‌ನ ಕುಂಜುಮ್ ಹತ್ತಬೇಕು. ಆದ್ದರಿಂದ ಅಲ್ಲಿ ಸಣ್ಣ ಲಕ್ಷಣಕ್ಕೂ ತಾಬೋದಲ್ಲೇ ನಿಲ್ಲುವ ಶಿಸ್ತು ಬೇಕು, ಕಾಜಾ ಮುಟ್ಟಿದ ಮೇಲೆ ತಡ.

ಚೀಲ, ಅನ್ನ, ಸಂಡಾಸು

ಮಲೆನಾಡಿನವರಿಗೆ ಒದ್ದೆ ಚಳಿ ಗೊತ್ತು, ಒಣ ಚಳಿ ಗೊತ್ತಿಲ್ಲ. ಬಿಸಿಲಲ್ಲಿ ಸುಡುತ್ತದೆ, ನೆರಳಿಗೆ ಕಾಲಿಟ್ಟರೆ ನಡುಕ. ಒಂದು ದಪ್ಪ ಜಾಕೆಟ್ ಬದಲು ಮೂರು ತೆಳು ಪದರ ಇರಲಿ: ಒಳಗೆ ಥರ್ಮಲ್, ನಡುವೆ ಉಣ್ಣೆ, ಹೊರಗೆ ಗಾಳಿ ತಡೆಯುವುದು. ಗಂಬೂಟು ಬೇಡ. ತುಟಿ ಒಡೆಯುತ್ತದೆ, ಮೂಗಿನಲ್ಲಿ ರಕ್ತ ಒಸರುತ್ತದೆ. ಕೊಬ್ಬರಿ ಎಣ್ಣೆ ಅಲ್ಲಿ ಬಾಟಲಿಯಲ್ಲೇ ಕಲ್ಲಾಗುತ್ತದೆ, ಅಗಲ ಬಾಯಿಯ ಡಬ್ಬಿಯಲ್ಲಿ ಒಯ್ಯಿರಿ.

3,650 ಮೀಟರ್‌ನಲ್ಲಿ ನೀರು ಕುದಿಯುವುದು 88 ಡಿಗ್ರಿ ಆಸುಪಾಸಿಗೇ. ಅದಕ್ಕೇ ಅನ್ನ ಎಷ್ಟು ಬೆಂದರೂ ನಡುವೆ ಕಾಳು ಉಳಿಯುತ್ತದೆ, ಬೇಳೆ ಕುಕ್ಕರ್ ಇಲ್ಲದೆ ಬೇಯುವುದೇ ಇಲ್ಲ. ಕುಕ್ಕರ್ ಇಲ್ಲದ ಢಾಬಾದಲ್ಲಿ ಅನ್ನ ಕೇಳಬೇಡಿ, ಥುಕ್ಪಾ ಎಂಬ ನೂಡಲ್ಸ್ ಸಾರು ಕೇಳಿ. ತೆಳು ಅವಲಕ್ಕಿ ಎರಡು ಕೆಜಿ, ಗೊಜ್ಜು, ಅಪ್ಪೆಮಿಡಿ ಉಪ್ಪಿನಕಾಯಿ ಒಯ್ದರೆ ಯಾವ ಎತ್ತರದಲ್ಲೂ ಬಿಸಿನೀರಿನಲ್ಲೇ ಊಟ ಆಗುತ್ತದೆ. ಉಪ್ಪಿನಕಾಯಿ ಡಬ್ಬಿಯ ಬಾಯಿ ಸಡಿಲಿಸಿ ಗಾಳಿ ಬಿಡುತ್ತಿರಿ, ಎತ್ತರದಲ್ಲಿ ಉಬ್ಬಿ ಚೀಲವೆಲ್ಲ ಕೆಂಪಾಗುತ್ತದೆ. ಸಸ್ಯಾಹಾರಿಗಳು ಮೊಮೊ ಒಳಗೇನಿದೆ ಎಂದು ಪ್ರತಿ ಸಲ ಕೇಳಿ, ಭಿಕ್ಷುಗಳ ಊರು ಎಂದರೆ ಮಾಂಸವಿಲ್ಲದ ಊರು ಎಂದಲ್ಲ. ಬೆಣ್ಣೆ ಚಾ ಉಪ್ಪು ಹಾಕಿದ್ದು, ಚಾ ಎನ್ನುವುದಕ್ಕಿಂತ ಸಾರು ಎಂದುಕೊಂಡರೆ ಗಂಟಲಿಗೆ ಇಳಿಯುತ್ತದೆ. ಗುಟುಕು ಕುಡಿದಷ್ಟೂ ಬಟ್ಟಲು ತುಂಬುತ್ತಾರೆ. ಸಾಕಾದರೆ ತುಂಬಿದ ಬಟ್ಟಲನ್ನು ಹಾಗೇ ಬಿಟ್ಟು, ಏಳುವಾಗ ಕುಡಿದು ಏಳಿ.

ಹಳ್ಳಿಮನೆಯ ಸಂಡಾಸು ಮೇಲಂತಸ್ತಿನಲ್ಲಿರುತ್ತದೆ: ಮಣ್ಣಿನ ನೆಲ, ನಡುವೆ ಕಿಂಡಿ, ಮೂಲೆಯಲ್ಲಿ ಮಣ್ಣಿನ ಗುಡ್ಡೆ ಮತ್ತು ಗುದ್ದಲಿ. ಕೆಲಸ ಮುಗಿದ ಮೇಲೆ ಎರಡು ಗುದ್ದಲಿ ಮಣ್ಣೋ ಬೂದಿಯೋ ಕಿಂಡಿಗೆ ತಳ್ಳಬೇಕು. ಚೊಂಬು ನೀರು ಮಾತ್ರ ಸುರಿಯಲೇಬಾರದು. ಕೆಳಗಿರುವುದು ಅವರ ಬಾರ್ಲಿ ಹೊಲದ ಗೊಬ್ಬರ, ನೀರು ಬಿದ್ದರೆ ಕೊಳೆತು ನಾರುತ್ತದೆ, ಗೊಬ್ಬರವೂ ಕೆಡುತ್ತದೆ. ಅಡಿಕೆ ತೋಟಕ್ಕೆ ಗೊಬ್ಬರ ಹೊತ್ತವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನೀರೇ ಬೇಕೆನ್ನುವವರು ಟಿಶ್ಯೂ ಒದ್ದೆ ಮಾಡಿ ಬಳಸಿ, ಚೀಲದಲ್ಲಿ ಹಾಕಿ ಹೊರಗೆ ತನ್ನಿ.

ಹಣ ನಗದಾಗಿಯೇ ಇರಲಿ. ಕಾಜಾದಲ್ಲಿ ಎಟಿಎಂ ಇದೆ, ಅದರಲ್ಲಿ ದುಡ್ಡಿರುವುದು ಅದೃಷ್ಟ. ಹತ್ತು, ಇಪ್ಪತ್ತರ ನೋಟಿನ ಕಟ್ಟು ಬೇರೆ ಇಡಿ, ಬೆಣ್ಣೆ ದೀಪಕ್ಕೆ, ಹುಂಡಿಗೆ, ಕೋಡಂಗಿಗೆ. ಕೋಡಂಗಿಯ ವಿಷಯ ಈಗ ಬರುತ್ತದೆ.

ಹಬ್ಬದ ದಿನ

ಮಠದ ಅಂಗಳದಲ್ಲಿ ನಡೆಯುವ ಮುಖವಾಡದ ಕುಣಿತಕ್ಕೆ ‘ಛಾಮ್’ ಎನ್ನುತ್ತಾರೆ. ನೋಡಿದ ಕೂಡಲೇ ಯಕ್ಷಗಾನ ನೆನಪಾಗುತ್ತದೆ, ಆದರೆ ಹತ್ತಿರದ ಹೋಲಿಕೆ ಭೂತಕೋಲ. ಕುಣಿಯುವವರು ವಾರಗಟ್ಟಲೆ ಒಳಗೆ ಪೂಜೆ, ಧ್ಯಾನ ಮುಗಿಸಿ ಬಂದ ಭಿಕ್ಷುಗಳು, ಕಲಾವಿದರಲ್ಲ. ಚಪ್ಪಾಳೆ ಹೊಡೆಯಬೇಡಿ. ಒಂದೇ ಹೆಜ್ಜೆ ಅರ್ಧ ಗಂಟೆ ಸುತ್ತುತ್ತದೆ, ನಿಧಾನ ಎಂದು ಎದ್ದು ಹೋದವರಿಗೆ ಕೊನೆಯ ಭಾಗ ತಪ್ಪುತ್ತದೆ.

ಬೆಳಿಗ್ಗೆ ಎಂಟರ ಒಳಗೆ ಅಂಗಳ ಸೇರಿ. ಮೊದಲ ಸಾಲು ಊರಿನ ಮುದುಕರಿಗೆ, ಮಕ್ಕಳಿಗೆ, ಅದರ ಹಿಂದೆ ನೆಲದ ಮೇಲೆ ಕೂರಿ. ದುಖಾಂಗ್ ಅಂದರೆ ಪ್ರಾರ್ಥನಾ ಮಂದಿರದಿಂದ ಇಳಿಯುವ ಮೆಟ್ಟಿಲಿನ ಎದುರು ಮಾತ್ರ ಜಾಗ ಹಿಡಿಯಬೇಡಿ. ಹೆಚ್ಚಿನ ಮುಖವಾಡಗಳಲ್ಲಿ ಒಳಗಿರುವವರಿಗೆ ಹೊರಗು ಕಾಣುವುದು ಮುಖವಾಡದ ಕಣ್ಣಿನಿಂದಲ್ಲ, ಬಾಯಿಯ ಕಿಂಡಿಯಿಂದ. ಮೆಟ್ಟಿಲು ಇಳಿಯುವಾಗ ಒಬ್ಬ ಭಿಕ್ಷು ತೋಳು ಹಿಡಿದು ಕರೆತರುತ್ತಾರೆ. ಕ್ಯಾಮೆರಾ ಹಿಡಿದು ಎದುರು ಕೂತವರು ಅವರಿಗೆ ಕಾಣುವುದೇ ಇಲ್ಲ, ತುಳಿಸಿಕೊಂಡ ಮೇಲೆ ದೂರಬೇಡಿ.

ಒಂಬತ್ತು–ಹತ್ತರ ಹೊತ್ತಿಗೆ ‘ದುಂಗ್‌ಚೆನ್’ ಎಂಬ ಆಳೆತ್ತರ ಮೀರಿದ ಕಹಳೆಗಳು ಕೂಗುತ್ತವೆ. ಜೊತೆಗೆ ಗ್ಯಾಲಿಂಗ್, ನಮ್ಮ ಮೌರಿಯ ದಾಯಾದಿ. ಮೊದಲು ಕಪ್ಪು ಟೋಪಿಯವರು, ಅವರಿಗೆ ಮುಖವಾಡ ಇರುವುದಿಲ್ಲ, ನೆಲವನ್ನು ಶುದ್ಧಿ ಮಾಡಿ ದಿಗ್ಬಂಧನ ಹಾಕುವುದು ಅವರ ಕೆಲಸ. ಆಮೇಲೆ ಧರ್ಮಪಾಲರು, ಮಹಾಕಾಲ, ಜಿಂಕೆ, ಅಸ್ಥಿಪಂಜರದ ವೇಷ. ನಡುನಡುವೆ ಕೋಡಂಗಿಗಳು ಜನರೊಳಗೆ ನುಗ್ಗಿ ಟೋಪಿ ಕಸಿಯುತ್ತಾರೆ, ದುಡ್ಡು ಕೇಳುತ್ತಾರೆ. ಹತ್ತು ರೂಪಾಯಿ ಕೊಟ್ಟು ನಗಿ. ಕೊನೆಗೆ ತ್ರಿಕೋನದ ಪೆಟ್ಟಿಗೆಯಲ್ಲೋ ಬಟ್ಟೆಯ ಮೇಲೋ ಹಿಟ್ಟಿನ ಬೊಂಬೆ ಇಟ್ಟು ಕತ್ತರಿಸುತ್ತಾರೆ. ಅಹಂಕಾರ, ಅಜ್ಞಾನ, ಧರ್ಮಕ್ಕೆ ಅಡ್ಡಿ ಎಲ್ಲವೂ ಆ ಬೊಂಬೆ. ಈ ಹೊತ್ತಿಗೆ ಎಲ್ಲರೂ ಎದ್ದು ನಿಂತು ಫೋನ್ ಎತ್ತುತ್ತಾರೆ, ಕೂತವರಿಗೆ ಏನೂ ಕಾಣದು. ಆದ್ದರಿಂದ ಮಧ್ಯಾಹ್ನದ ಬಿಡುವಿನಲ್ಲೇ ಮಾಳಿಗೆಯ ಅಂಚಿಗೆ, ಅಲ್ಲಿ ಬಿಡುವುದಾದರೆ, ಜಾಗ ಬದಲಿಸಿ. ಗುಸ್ತೋರ್ ಆದರೆ ಎರಡನೇ ದಿನ ಇಳಿಹೊತ್ತಿಗೆ ತೋರ್ಮಾ ಹೊತ್ತು ಮಠದ ಹೊರಗೆ ಹೋಗಿ ಬೆಂಕಿಗೆ ಎಸೆಯುತ್ತಾರೆ. ಆ ಮೆರವಣಿಗೆಗೆ ಅಡ್ಡ ದಾಟಬಾರದು, ಹಿಂದೆ ಹೋಗಬೇಕು.

ಪ್ರದಕ್ಷಿಣೆ ನಮ್ಮಂತೆಯೇ ಬಲಕ್ಕೆ. ದಾರಿಯಲ್ಲಿ ಮಂತ್ರ ಕೆತ್ತಿದ ‘ಮಣಿ’ ಕಲ್ಲುಗಳ ಗೋಡೆ ಸಿಕ್ಕರೂ ಅದು ನಿಮ್ಮ ಬಲಗೈ ಬದಿಗೆ ಇರುವಂತೆ ಹೋಗಿ. (ಟಿಬೆಟಿನ ಹಳೆಯ ಬೋನ್ ಮತದವರದು ಮಾತ್ರ ಎಡಕ್ಕೆ.) ದುಖಾಂಗ್ ಒಳಗೆ ಭಿಕ್ಷುಗಳ ಸಾಲು ಮೆತ್ತೆಯ ಮೇಲೆ ಕೂರಬೇಡಿ, ಕಾಲು ಬುದ್ಧನ ಕಡೆ ಚಾಚಬೇಡಿ. ಗೊನ್‌ಖಾಂಗ್ ಎಂಬ ರಕ್ಷಕ ದೇವತೆಗಳ ಕೋಣೆಗೆ ಕೆಲವು ಮಠಗಳಲ್ಲಿ ಹೆಂಗಸರನ್ನು ಬಿಡುವುದಿಲ್ಲ, ಮೊದಲೇ ಕೇಳಿ. ಹಬ್ಬದ ಸಂತೆಯಲ್ಲಿ ಹಳೆಯ ಥಾಂಕಾ, ಹಳೆಯ ಮುಖವಾಡ ಎಂದು ಮಾರುವವರಿಂದ ದೂರ ಇರಿ. ಸುಳ್ಳಾದರೆ ದುಡ್ಡು ಹೋಯಿತು, ನಿಜವಾದರೆ ಅದು ಯಾವುದೋ ಮಠದ ಗೋಡೆಯಿಂದ ಕಳುವಾದದ್ದು.

ಹಬ್ಬ ಮುಗಿದ ಸಂಜೆ ಜೀಪುಗಳೆಲ್ಲ ಒಟ್ಟಿಗೆ ಇಳಿಯುತ್ತವೆ. ಒಂದು ರಾತ್ರಿ ಹೆಚ್ಚಿಗೆ ಉಳಿದು ಬೆಳಿಗ್ಗೆ ಇಳಿಯಿರಿ, ಖಾಲಿ ಅಂಗಳದಲ್ಲಿ ಹುಡುಗ ಭಿಕ್ಷುಗಳು ಕಸ ಗುಡಿಸುತ್ತಾ ಹಿಂದಿನ ದಿನದ ಕುಣಿತ ಅಣಕಿಸುವುದು ನೋಡಲು ಸಿಗುತ್ತದೆ. ರಿಟರ್ನ್ ರೈಲಿಗೂ ಬೆಟ್ಟದಿಂದ ಇಳಿಯುವ ದಿನಕ್ಕೂ ನಡುವೆ ಮೂರು ದಿನ ಖಾಲಿ ಬಿಡಿ: ಒಂದು ಗುಡ್ಡ ಕುಸಿತಕ್ಕೆ, ಒಂದು ತಪ್ಪಿದ ಬಸ್ಸಿಗೆ, ಒಂದು ಚಂಡೀಗಢದಲ್ಲಿ ಬಟ್ಟೆ ಒಗೆಯುವುದಕ್ಕೆ. ಎರಡನೇ ಔಷಧಿಗೆ ಮರ ಹತ್ತುವವರಿಗೆ ಹೊರಡುವ ಮೊದಲೇ ಹೇಳಿಟ್ಟು ಬನ್ನಿ, ಆ ಹೊತ್ತಿಗೆ ಊರಲ್ಲಿ ಅವರು ಸಿಗುವುದು ಕೀ ಗೊಂಪಾ ಹತ್ತುವುದಕ್ಕಿಂತ ಕಷ್ಟ.